ಲಾರಿ ಪಟ್ಟಿಯ ಕತ್ತಿ ಪೆಟ್ಟು ತಾಳುತ್ತಾ? ನಂಬೋ ಹಾಗಿರೋ ಪರೀಕ್ಷೆ ಯಾವುದು?

ಮಲೆನಾಡ್‌_ಮಚ್ಚು

ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ಎರಡು ಕತ್ತಿ. ಬೆನ್ನು 5 ಮಿ.ಮೀ., ಅಲಗಿನ ಉದ್ದ 250 ಮಿ.ಮೀ., ಬಾಯಿಯ ಕೋನ ಪ್ರತಿ ಪಕ್ಕಕ್ಕೆ 22 ಡಿಗ್ರಿ. ಎರಡನ್ನೂ ಬಿಸಿ ಎಣ್ಣೆಯಲ್ಲೇ ಅದ್ದಿದ್ದು. ಒಂದಕ್ಕೆ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಟೆಂಪರ್ (ಅದ್ದಿ ಗಡಸಾದದ್ದನ್ನು ಮತ್ತೆ ಹದವಾಗಿ ಕಾಯಿಸಿ ಪೆಡಸು ತಗ್ಗಿಸೋದು), ಇನ್ನೊಂದಕ್ಕೆ 280. ಎರಡರ ಮೇಲೂ ಅರ ಹೆಚ್ಚುಕಮ್ಮಿ ಜಾರುತ್ತೆ. ಕೆಲಸ ಅಂದ್ರೆ ಒಣ ಬಿದಿರು, ಬೇಲಿ ಸವರೋದು, ಗಂಟಿರೋ ಕೊಂಬೆ. ಇವೆರಡರಲ್ಲಿ ಯಾವುದು ಪೆಟ್ಟು ತಾಳುತ್ತೆ ಅಂತ ಲ್ಯಾಬ್‌ಗೆ ಹೋಗದೆ ತಿಳಿಯೋದು ಹೇಗೆ? ವಿಡಿಯೋಗಳಲ್ಲಿ ಕಬ್ಬಿಣ ಕಡಿಯೋದು, ಇಟ್ಟಿಗೆ ಹೊಡೆಯೋದು ಎಲ್ಲಾ ತೋರಿಸ್ತಾರೆ, ಅದರಿಂದ ಏನು ಗೊತ್ತಾಗುತ್ತೆ ಅನ್ನೋದೇ ತಿಳೀತಿಲ್ಲ.

ಕುಲುಮೆಕಿಡಿ

ವೈಸ್‌ಗೆ ಕಚ್ಚಿಸಿ, ಪೈಪ್ ತೂರಿಸಿ, 90 ಡಿಗ್ರಿ ಬಗ್ಗಿಸಿ. ಮುರೀಲಿಲ್ಲ ಅಂದ್ರೆ ಪಾಸ್. ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಜರ್ನಿಮನ್ (ಪಳಗಿದ ಕಮ್ಮಾರ ಅನ್ನೋ ದರ್ಜೆ) ಪರೀಕ್ಷೆಯೂ ಇದೇ. ತೂಗುಬಿಟ್ಟ ಒಂದು ಇಂಚಿನ ಹಗ್ಗ ಒಂದೇ ಏಟಿಗೆ ಕಡೀಬೇಕು, ಆಮೇಲೆ ಮರದ ತುಂಡು ಕಡೀಬೇಕು, ಅಷ್ಟಾದ ಮೇಲೂ ಅದೇ ಬಾಯಿ ಕೈ ಮೇಲಿನ ಕೂದಲು ಬೋಳಿಸಬೇಕು. ಕೊನೆಗೆ 90 ಡಿಗ್ರಿ ಬಾಗಬೇಕು. ಬಾಯಲ್ಲಿ ಬಿರುಕು ಬಂದ್ರೂ ನಡಿಯುತ್ತೆ, ಅಲಗು ಎರಡು ತುಂಡಾಗಬಾರದು.

ಲೋಹಗುಣ

ಆ ಪರೀಕ್ಷೆ ಕಮ್ಮಾರನ ಹತೋಟಿಯನ್ನು ನೋಡುತ್ತೆ. ಬೆನ್ನನ್ನು ಮೆತ್ತಗಿಟ್ಟು ಬಾಯಿಯನ್ನು ಮಾತ್ರ ಗಡಸು ಮಾಡೋಕೆ ಬರುತ್ತಾ ಅಂತ. ಮೆತ್ತನೆ ಬೆನ್ನಿದ್ರೆ ಬಾಯಿ ಎಷ್ಟೇ ಪೆಡಸಾಗಿರಲಿ ಅಲಗು ಬಾಗಿ ನಿಲ್ಲುತ್ತೆ. ಮಚ್ಚು ಕೈಕೊಡೋದು ಬಾಗಿ ಮುರಿದು ಅಲ್ಲ, ಬಾಯಿ ಮುಕ್ಕಾಗಿ. ಹಾಗಾಗಿ ಪ್ರಶ್ನೆಗೆ ಅದು ಉತ್ತರ ಕೊಡಲ್ಲ.

ಬಾಗಿಸಿ ಬಿಟ್ಟರೆ ನೆಟ್ಟಗಾಗುತ್ತೆ ಅನ್ನೋ ಪ್ರದರ್ಶನ ಇನ್ನೂ ಮೋಸದ್ದು. ಉಕ್ಕಿನ ಬಿಗುವು ಗಡಸುತನದ ಜೊತೆ ಬದಲಾಗಲ್ಲ. ಟೆಂಪರ್ ಮಾಡದ್ದು, ಮಾಡಿದ್ದು, ಅನೀಲ್ ಮಾಡಿದ್ದು (ಕಾಯಿಸಿ ನಿಧಾನ ಆರಿಸಿ ಮೆತ್ತಗೆ ಮಾಡಿದ್ದು) ಎಲ್ಲದರ ಸ್ಥಿತಿಸ್ಥಾಪಕ ಗುಣಾಂಕವೂ 205 ಗಿಗಾಪ್ಯಾಸ್ಕಲ್ ಆಸುಪಾಸೇ. ಬದಲಾಗೋದು ಎಲ್ಲಿವರೆಗೆ ಬಾಗಿ ವಾಪಸ್ ಬರುತ್ತೆ ಅನ್ನೋದು ಮಾತ್ರ. ಅದೂ ದಪ್ಪದ ಮೇಲೆ ನಿಂತಿದೆ. ಮೇಲ್ಮೈ ಹಿಗ್ಗುವಿಕೆ = ದಪ್ಪ ÷ (2 × ಬಾಗಿನ ತ್ರಿಜ್ಯ). ಚೆನ್ನಾಗಿ ಹದವಾದ ಸ್ಪ್ರಿಂಗ್ ಉಕ್ಕು 1700 ಮೆಗಾಪ್ಯಾಸ್ಕಲ್‌ವರೆಗೆ ಎಳೆತ ತಾಳಿ ವಾಪಸ್ ಬರುತ್ತೆ ಅಂತಿಟ್ಟುಕೊಂಡ್ರೆ, ತ್ರಿಜ್ಯ ದಪ್ಪದ ಸುಮಾರು 60 ಪಟ್ಟು ಇರೋವರೆಗೆ ಅಲಗು ನೆಟ್ಟಗಾಗುತ್ತೆ. 3 ಮಿ.ಮೀ.ಗೆ 180 ಮಿ.ಮೀ. ತ್ರಿಜ್ಯ, 5 ಮಿ.ಮೀ.ಗೆ 300. ತೆಳು ಚಾಕು ಬಳುಕಿ ವಾಪಸ್ ಬಂತು, ದಪ್ಪ ಮಚ್ಚು ಬಾಗಿಯೇ ಉಳೀತು ಅಂದ್ರೆ ಅಲ್ಲಿ ಕಂಡಿದ್ದು ದಪ್ಪದ ವ್ಯತ್ಯಾಸ. ಬಾಗಿಸೋಕೆ ಬೇಕಾದ ಬಲವೂ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ, 3ರಿಂದ 4 ಮಿ.ಮೀ.ಗೆ ಹೋದ್ರೇ 2.4 ಪಟ್ಟು.

ಇಟ್ಟಿಗೆ ಹೊಡೆಯೋದು ಬಿಡಿ, ಅದು ನೋಡೋರಿಗೆ.

ಕುಲುಮೆಕಿಡಿ

ಲೆಕ್ಕ ಸರಿ ಸರ್, ಒಪ್ಪಿದೆ. ಆದ್ರೆ ಪೂರ್ತಿ ಗಡಸಾದ ಅಲಗು ಹಿಡಿ ಹತ್ರ ಪಟ್ ಅಂತ ಮುರಿಯೋದೂ ಉಂಟಲ್ಲ? ಅದನ್ನು ಬಾಗಿಸದೆ ಹೇಗೆ ಹಿಡೀತೀರಿ?

ಲೋಹಗುಣ

ಹಿಡಿ ಹತ್ರ ಮುರಿಯೋದಕ್ಕೆ ಬಹುಪಾಲು ಕಾರಣ ಆಕಾರ. ಅಲಗು ಮುಗಿದು ಬಾಲ (ಹಿಡಿಯೊಳಗೆ ಹೋಗೋ ಭಾಗ) ಶುರುವಾಗೋ ಒಳಮೂಲೆಯನ್ನು ಅರದಿಂದ ಚೌಕಾಕಾರಕ್ಕೆ ಕತ್ತರಿಸಿರ್ತಾರೆ, ಒತ್ತಡವೆಲ್ಲಾ ಆ ಮೂಲೆಗೇ ಬರುತ್ತೆ. ದುಂಡರದಲ್ಲಿ ಕನಿಷ್ಠ 3 ಮಿ.ಮೀ. ತ್ರಿಜ್ಯ ಕೊಡಿ, ಬಾಲವನ್ನು ಗ್ಯಾಸ್ ಟಾರ್ಚ್‌ನಲ್ಲಿ ನೀಲಿ ಬಣ್ಣಕ್ಕೆ ತನ್ನಿ (ಬಾಯಿಯನ್ನು ಒದ್ದೆ ಬಟ್ಟೆಯಲ್ಲೋ ನೀರಲ್ಲೋ ಇಟ್ಟುಕೊಂಡು). ಇದಕ್ಕೆ ಪರೀಕ್ಷೆಗಿಂತ ಕಣ್ಣಿದ್ರೆ ಸಾಕು.

ಸಾಣೆಕಲ್ಲು

ಬಾಯಿಗೆ ಹಿತ್ತಾಳೆ ಸಲಾಕೆ ಪರೀಕ್ಷೆಗಿಂತ ಅಗ್ಗದ್ದು ಇಲ್ಲ. 6 ಮಿ.ಮೀ. ಹಿತ್ತಾಳೆ ರಾಡನ್ನು ಅಡ್ಡಲಾಗಿ ವೈಸ್‌ನಲ್ಲಿ ಅರ್ಧ ಹುದುಗಿಸಿ, ಅರ್ಧ ಮೇಲೆ ಕಾಣಬೇಕು. ಅದರ ಮೇಲೆ ಅಲಗನ್ನು 15–20 ಡಿಗ್ರಿ ಓರೆ ಮಾಡಿ ಇಡಿ. ಹಿಂದೆ ಒಂದು ದೀಪ ಇರಲಿ. ಒತ್ತಿದಾಗ ಬಾಯಿ ರಾಡಿನ ಮೇಲೆ ಸಣ್ಣಗೆ ಉಬ್ಬಿ ಬಾಗೋದು ಬೆಳಕಲ್ಲಿ ಕಾಣುತ್ತೆ. ಅದು ಕಾಣೋವರೆಗೆ ಒತ್ತಬೇಕು, ಸುಮಾರು 15 ಕೆ.ಜಿ. ಭಾರ. ಅಂದಾಜು ಬೇಡ ಅಂದ್ರೆ ವೈಸನ್ನೇ ತೂಕದ ಯಂತ್ರದ ಮೇಲಿಟ್ಟು ಒತ್ತಿ ನೋಡಿ. ಹಿಡಿಯಿಂದ ಮೊನೆವರೆಗೆ ನಿಧಾನ ಎಳೆದುಕೊಂಡು ಹೋಗಿ.

ಬಾಗಿದ್ದು ವಾಪಸ್ ಬಂದ್ರೆ ಹದ ಕೂತಿದೆ. ಬಾಗಿದ್ದು ಬಾಗೇ ಉಳಿದ್ರೆ ಮೆತ್ತಗಿದೆ. ಚಕ್ಕೆ ಎದ್ರೆ ಪೆಡಸು. 10 ಪಟ್ಟಿನ ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ನೋಡಿ, ಬರಿಗಣ್ಣಿಗೆ ಸಣ್ಣ ಮುಕ್ಕು ಕಾಣಲ್ಲ, ಉಗುರಿಗೆ ಮಾತ್ರ ತಟ್ಟುತ್ತೆ.

ಒಂದೇ ಎಚ್ಚರ. ಬಾಯಿ ಹಿಂದಿನ ದಪ್ಪ ಎರಡೂ ಕತ್ತಿಯಲ್ಲಿ ಒಂದೇ ಇರ್ಬೇಕು. ಕಡಿಯೋ ಕತ್ತಿಗೆ 0.6–0.8 ಮಿ.ಮೀ. ಇರುತ್ತೆ. ಅಷ್ಟು ದಪ್ಪಕ್ಕೆ ಹಿತ್ತಾಳೆ ಮೇಲೆ ಬಾಗು ಕಾಣೋದೇ ಕಷ್ಟ, ಎಷ್ಟು ಒತ್ತಿದ್ರೂ ಹಿತ್ತಾಳೆಯೇ ತಗ್ಗುತ್ತೆ. ಅಡಿಗೆ ಚಾಕು, 0.3 ಮಿ.ಮೀ. ಬಾಯಿಗೆ ಈ ಪರೀಕ್ಷೆ ಸರಿಯಾಗಿ ಹೇಳುತ್ತೆ.

ಹುಬ್ಳಿ_ಐರನ್

ಕಬ್ಬು ಕಡಿಯೋ ಕೊಯ್ತಾದಾಗ ಒಂದು ವಿಚಿತ್ರ ನೋಡ್ರಿ. ಹೊಸಾದು ಇದ್ದಾಗ ಬಾಯಿ ಮಡಚಿಕೊಳ್ಳತೈತಿ, ಎರಡು ಮೂರು ಸಲ ಸಾಣೆ ಹಿಡದ ಮ್ಯಾಲೆ ಗಟ್ಟಿ ನಿಲ್ಲತೈತಿ. ಕೆಲವು ಅದರ ಉಲ್ಟಾ, ಮೊದಲ ಮುಕ್ಕಾಗಿ ಆಮೇಲೆ ಸರಿ ಹೋಗತಾವು. ಹಂಗಾದ್ರ ಪರೀಕ್ಷೆ ಯಾವಾಗ ಮಾಡಬೇಕ್ರಿ?

ಸಾಣೆಕಲ್ಲು

ಮೊದಲನೇದು ಇಂಗಾಲ ಹೋದ ಪದರ ಅಣ್ಣಾ. ಕುಲುಮೆಯಲ್ಲಿ ಗಾಳಿ ಜಾಸ್ತಿಯಾಗಿ ತುಂಬಾ ಹೊತ್ತು ಕೆಂಪಗಿದ್ರೆ ಹೊರಮೈಯ ಇಂಗಾಲ ಸುಟ್ಟುಹೋಗುತ್ತೆ, ಆ ಚರ್ಮ ಗಡಸಾಗಲ್ಲ. ಹದ ಮಾಡೋ ಮುಂಚೆ ಬಾಯನ್ನು ತೀರಾ ತೆಳು ಮಾಡಿಟ್ಟಿದ್ರೆ ಪೂರ್ತಿ ಬಾಯಿಯೇ ಆ ಚರ್ಮ ಆಗಿಬಿಟ್ಟಿರುತ್ತೆ. ಅದಕ್ಕೇ ಅದ್ದೋ ಮುಂಚೆ ಬಾಯಲ್ಲಿ 1–1.5 ಮಿ.ಮೀ. ದಪ್ಪ ಬಿಟ್ಟು, ಹದ ಆದ ಮೇಲೆ ಇಳಿಸೋದು.

ಎರಡನೇದಕ್ಕೆ ಕಾರಣ ಅತಿ ಕಾವು. ತೆಳು ತುದಿ ಬೆನ್ನಿಗಿಂತ ಮೊದಲು ಕಾಯುತ್ತೆ, ಬೆನ್ನು ಕೆಂಪಾಗೋವರೆಗೆ ಕಾದ್ರೆ ಬಾಯಿ ಕಿತ್ತಳೆಗೆ ಹೋಗಿರುತ್ತೆ, ಅಲ್ಲಿ ಕಣ (ಉಕ್ಕಿನೊಳಗಿನ ಹರಳು) ದಪ್ಪವಾಗಿ ಪೆಡಸು. ಪರೀಕ್ಷೆ ಮಾಡೋದು ಅಂತಿಮ ಕೋನ ಕೊಟ್ಟು, ಒಮ್ಮೆ ಪೂರ್ತಿ ಸಾಣೆ ಹಿಡಿದು 0.3 ಮಿ.ಮೀ. ಆದ್ರೂ ತೆಗೆದ ಮೇಲೆ. ಗ್ರೈಂಡರಲ್ಲಿ ಬಾಯಿ ನೀಲಿಗೆ ತಿರುಗಿದ್ರೆ ಆ ಜಾಗದ ಫಲಿತಾಂಶ ಲೆಕ್ಕಕ್ಕಿಲ್ಲ, ಅಲ್ಲಿ 290 ಡಿಗ್ರಿ ದಾಟಿದೆ.

ಲೋಹಗುಣ

ಈಗ ಮೂಲ ಪ್ರಶ್ನೆಗೆ. 200 ಮತ್ತು 280, ಎರಡರ ನಡುವೆ ಆರಿಸೋಕೆ ಮುಗಿದ ಕತ್ತಿಯನ್ನು ಹಾಳು ಮಾಡ್ಬೇಡಿ. ಅದೇ ಪಟ್ಟಿಯಿಂದ ತುಂಡು ಕತ್ತರಿಸಿ, ಕತ್ತಿಯ ಜೊತೆಗೇ ಅದೇ ಕಾವಿಗೆ ಹಾಕಿ, ಅದೇ ಎಣ್ಣೆಗೆ ಅದ್ದಿ, ಆ ತುಂಡನ್ನು ಮುರೀರಿ.

ಮೊದಲ ತುಂಡು ಟೆಂಪರ್ ಮಾಡದ್ದು. ಕನ್ನಡಕ, ದಪ್ಪ ಕೈಗವಸು ಹಾಕಿ, ಮೇಲೆ ಬಟ್ಟೆ ಮುಚ್ಚಿ ಸುತ್ತಿಗೆಯಲ್ಲಿ ಒಂದೇಟು. ಒಡೆದ ಮುಖ ಮಂದ ಬೂದಿ ಬಣ್ಣಕ್ಕೆ, ಸಿಮೆಂಟಿನಷ್ಟು ನಯವಾಗಿದ್ರೆ ಕಣ ಸಣ್ಣಗಿವೆ. ಸಕ್ಕರೆ ಥರ ಮಿನುಗಿದ್ರೆ ಅಲ್ಲಿಗೇ ನಿಲ್ಲಿಸಿ. ಟೆಂಪರ್ ಎಷ್ಟೇ ಬದಲಾಯಿಸಿದ್ರೂ ಆ ಉಕ್ಕು ಪೆಟ್ಟು ತಾಳಲ್ಲ. ಮತ್ತೆ ಕಾಯಿಸಿ ಗಾಳಿಯಲ್ಲಿ ಕಪ್ಪಾಗೋವರೆಗೆ ಆರಿಸಿ. ಮೂರು ಸಲ, ಕಾವು ಇಳಿಸುತ್ತಾ, 870, 830, 790. ಅಯಸ್ಕಾಂತ ಹಿಡಿಯೋದು ನಿಲ್ಲಿಸೋ ಬಿಂದು 770 ಅನ್ನೋದನ್ನು ಗುರುತಿಗೆ ಇಟ್ಕೊಳ್ಳಿ, ಅದ್ದೋ ಕಾವು ಅದಕ್ಕಿಂತ ಮೇಲೆ, ಈ ಉಕ್ಕುಗಳಿಗೆ 830–870.

ಟೆಂಪರ್ ಮಾಡಿದ ತುಂಡನ್ನು ನಿಧಾನಕ್ಕೆ ಬಗ್ಗಿಸಿ ಮುರಿಯೋದಾದ್ರೆ ಎರಡು ಸಂಖ್ಯೆ ಬರೀಬೇಕು. ಮುರಿದಾಗಿನ ತಿರುಗುಬಲ, ಮುರಿದ ಕೋನ. 20 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ತುಂಡು 50 ನ್ಯೂಟನ್ ಮೀಟರ್ ಆಸುಪಾಸಲ್ಲಿ ಶಾಶ್ವತವಾಗಿ ಬಾಗೋಕೆ ಶುರುಮಾಡುತ್ತೆ. ಬಲವೂ ಜಾಸ್ತಿ ಕೋನವೂ ಜಾಸ್ತಿ ಅಂದ್ರೆ ಒಳ್ಳೇದು. ಬಲ ಕಮ್ಮಿ, ಕೋನ ಜಾಸ್ತಿ ಅಂದ್ರೆ ಮೆತ್ತಗೆ. ಬಲ ಜಾಸ್ತಿ ಇದ್ದು ಬಾಗದೇ ಮುರಿದ್ರೆ ಟೆಂಪರ್ ಸಾಲದು. ಬಲವೂ ಕಮ್ಮಿ, ಬಾಗಲೂ ಇಲ್ಲ ಅಂದ್ರೆ ದಪ್ಪ ಕಣ ಅಥವಾ ಒಳಗೆ ಬಿರುಕು. ಗ್ಯಾರೇಜಿನ ಕ್ಲಿಕ್ ಮಾಡೋ ಟಾರ್ಕ್ ರೆಂಚ್ ಇದಕ್ಕೆ ಆಗಲ್ಲ, ಗರಿಷ್ಠ ಎಷ್ಟಕ್ಕೆ ಹೋಯ್ತು ಅಂತ ಅದು ಹೇಳಲ್ಲ. ಮುಳ್ಳು ಇರೋದು ಬೇಕು. ರೆಂಚಿನ ಚೌಕ ಬಾಗೋ ಗೆರೆಯ ನೇರಕ್ಕೇ ಬರೋ ಹಾಗೆ ಹಿಡಿಕೆ ಮಾಡಿ, ಇಲ್ಲಾಂದ್ರೆ ಓದಿದ್ದು ತಪ್ಪುತ್ತೆ.

ಮಲೆನಾಡ್‌_ಮಚ್ಚು

ಅಂದ್ರೆ 280ರ ತುಂಡು ಜಾಸ್ತಿ ಬಾಗಿದ್ರೆ 280 ಒಳ್ಳೇದು ಅಂತಾನಾ?

ಲೋಹಗುಣ

ಅಲ್ಲ, ಇಲ್ಲೇ ಜನ ಎಡವೋದು. 250ರಿಂದ 400 ಡಿಗ್ರಿ ನಡುವೆ ಟೆಂಪರ್ ಮಾಡಿದ ಎಷ್ಟೋ ಉಕ್ಕುಗಳಲ್ಲಿ ಪೆಟ್ಟು ತಾಳೋ ಗುಣ ಏರೋ ಬದಲು ಇಳಿಯುತ್ತೆ. ಗಡಸುತನವೂ ಕಮ್ಮಿ, ತಾಳಿಕೆಯೂ ಕಮ್ಮಿ. ಮಾರ್ಟೆನ್ಸೈಟಿನ (ಅದ್ದಿದಾಗ ಆಗೋ ಗಡಸು ರಚನೆ) ಪಟ್ಟಿಗಳ ಗಡಿಯಲ್ಲಿ ಬದಲಾಗದೆ ಉಳಿದಿದ್ದ ಆಸ್ಟೆನೈಟ್ (ಕೆಂಪು ಕಾವಿನ ರಚನೆ) ಒಡೆದು ಅಲ್ಲಿ ತೆಳು ಕಾರ್ಬೈಡ್ (ಇಂಗಾಲ ಸೇರಿದ ಪೆಡಸು ಪದರ) ಕೂರೋದು ಕಾರಣ. ಇದು ನಿಧಾನ ಬಾಗಿಸೋ ಪರೀಕ್ಷೆಯಲ್ಲಿ ಸರಿಯಾಗಿ ಕಾಣಲ್ಲ, ಗಡಸುತನದ ಓದಿನಲ್ಲಂತೂ ಕಾಣೋದೇ ಇಲ್ಲ. ಪೆಟ್ಟಿನ ಪರೀಕ್ಷೆಯಲ್ಲಿ ಮಾತ್ರ ಸಿಕ್ಕಿಬೀಳುತ್ತೆ.

ನಿಮ್ಮ ಪಟ್ಟಿ ಯಾವ ಉಕ್ಕು ಅನ್ನೋದರ ಮೇಲೆ ಇದು ನಿಂತಿದೆ. ಇಎನ್ 45 ಅನ್ನೋ ಸ್ಪ್ರಿಂಗ್ ಉಕ್ಕಿನ ದರ್ಜೆ ಆಗಿದ್ರೆ ಸಿಲಿಕಾನ್ 1.5–2 ಶೇಕಡ ಇರುತ್ತೆ. ಸಿಲಿಕಾನ್ ಆ ಕಾರ್ಬೈಡನ್ನು ತಡ ಮಾಡುತ್ತೆ, ಕೆಟ್ಟ ವಲಯ ಮೇಲಕ್ಕೆ ಸರಿಯುತ್ತೆ, 280 ನಡೆದೀತು. ಕ್ರೋಮ್ ವೆನೇಡಿಯಂ ಇಎನ್ 47 ಅಥವಾ ಕ್ರೋಮ್ ಮ್ಯಾಂಗನೀಸ್ ಎಸ್‌ಯುಪಿ 9 ಆಗಿದ್ರೆ 280 ಅಂದ್ರೆ ಗುಂಡಿಯೊಳಗೇ ಕಾಲಿಟ್ಟಂಗೆ. ಇವುಗಳಿಗೆ 190–220ರಲ್ಲಿ ಎರಡೆರಡು ಗಂಟೆ, ಎರಡು ಸಲ. ಲಾರಿ ಪಟ್ಟಿ ನೋಡಿ ಇದು ಇಂಥದೇ ಅಂತ ಹೇಳೋಕಾಗಲ್ಲ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಲೋಹ ಪರೀಕ್ಷಾ ಲ್ಯಾಬಿನಲ್ಲಿ ಸ್ಪೆಕ್ಟ್ರೋ ಮಾಡಿಸಿದ್ರೆ ಇಂಗಾಲ, ಸಿಲಿಕಾನ್, ಕ್ರೋಮಿಯಂ ಎಲ್ಲಾ ಗೊತ್ತಾಗುತ್ತೆ. 30 ಮಿ.ಮೀ. ಚೌಕದ ತುಂಡು, ಒಂದು ಮುಖ ಚೆನ್ನಾಗಿ ಉಜ್ಜಿ ಕೊಡಿ.

ಟೂಲ್‌ರೂಮ್_ಮೈಸೂರು

ಪೆಟ್ಟಿನ ಪರೀಕ್ಷೆ ಮನೇಲೇ ಕಟ್ಟಬಹುದು. ಬಿಡಿಸಿ ಹೇಳ್ತೀನಿ.

ತೂಕ: 60 ಮಿ.ಮೀ. ವ್ಯಾಸದ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಮೆತ್ತನೆ ಉಕ್ಕು) ರೌಂಡ್ ಬಾರ್, 225 ಮಿ.ಮೀ. ಉದ್ದ ಕೊಯ್ಸಿದ್ರೆ 5 ಕೆ.ಜಿ. ಕೆಳತುದಿಯನ್ನು ಉಳಿಯ ಆಕಾರಕ್ಕೆ ತಂದು ಮೂಗಿಗೆ 8 ಮಿ.ಮೀ. ತ್ರಿಜ್ಯ ಕೊಡ್ಸಿ, ಮೂಗು ಗಡಸಾಗಿರ್ಬೇಕು. ದಾರಿಗೆ 75 ಮಿ.ಮೀ. ಪಿವಿಸಿ ಪೈಪ್, 2 ಮೀ. ಉದ್ದ, ತೂಗುಗುಂಡು ಹಾಕಿ ನೆಟ್ಟಗೆ ನಿಲ್ಲಿಸಿ. ಪಕ್ಕದಲ್ಲಿ 10 ಸೆಂ.ಮೀ.ಗೊಂದು ತೂತು, ಅದರಲ್ಲಿ ಪಿನ್. ಪಿನ್ ಎಳೆದ್ರೆ ತೂಕ ಬೀಳುತ್ತೆ. ಕೆಳತುದಿ ಮುಚ್ಚಬೇಡಿ, ಗಾಳಿ ಸಿಕ್ಕಿಹಾಕಿಕೊಂಡ್ರೆ ವೇಗ ತಗ್ಗುತ್ತೆ. ಮೂಗು ತುಂಡಿಗೆ ಅಡ್ಡವಾಗೇ ಬೀಳಬೇಕು, ಅದಕ್ಕೆ ಪೈಪಿನಲ್ಲಿ ಉದ್ದಕ್ಕೆ ಸೀಳು ಮಾಡಿ ತೂಕಕ್ಕೆ ಒಂದು ಬೋಲ್ಟ್ ಹಾಕಿ, ತಿರುಗಲ್ಲ.

ತುಂಡು: 55 × 10 × 2.5 ಮಿ.ಮೀ., ಕಚ್ಚು ಇಲ್ಲದ್ದು, ಅಂದ್ರೆ ನಾಚ್ ಹಾಕದ್ದು. ಹದ ಮಾಡಿದ ಚೂರಿ ಉಕ್ಕಿಗೆ ವಿ-ನಾಚ್ ಹಾಕಿದ್ರೆ ಎಲ್ಲಾ ಒಂದೇ ಥರ ಸುಲಭಕ್ಕೆ ಮುರಿದು ವ್ಯತ್ಯಾಸ ಕಾಣಲ್ಲ. ಪಟ್ಟಿಯ ಉದ್ದದ ದಿಕ್ಕಿಗೇ ಕೊಯ್ರಿ, ಅಡ್ಡ ಕೊಯ್ದದ್ದು ಬೇಗ ಮುರಿಯುತ್ತೆ. ಹದ ಆದ ಮೇಲೆ ನೀರು ಹಾಕುತ್ತಾ ಅಂತಿಮ ಅಳತೆಗೆ ಉಜ್ಜಿ, ಕೊನೆಗೆ 400 ನಂಬರ್ ಎಮರಿ ಉದ್ದುದ್ದಕ್ಕೆ. ಅಡ್ಡ ಗೀರು ಒಂದುಳಿದ್ರೂ ಬಿರುಕು ಅಲ್ಲಿಂದಲೇ ಹೊರಡುತ್ತೆ. ದಪ್ಪದಲ್ಲಿ 0.05 ಮಿ.ಮೀ.ಗಿಂತ ವ್ಯತ್ಯಾಸ ಬೇಡ.

ಆಸರೆ: 40 ಮಿ.ಮೀ. ಅಂತರದಲ್ಲಿ ಎರಡು ಗಡಸು ಕಟ್ಟೆ, ಮೂಲೆಗೆ 1 ಮಿ.ಮೀ. ದುಂಡು. ತುಂಡು 2.5 ಮಿ.ಮೀ. ಅಂಚಿನ ಮೇಲೆ ನಿಂತಿರುತ್ತೆ, 10 ಮಿ.ಮೀ. ಎತ್ತರ ಪೆಟ್ಟಿನ ದಿಕ್ಕಿಗೆ. ಮಗುಚದ ಹಾಗೆ ಎರಡೂ ಕಡೆ 3 ಮಿ.ಮೀ. ಸಂದಿನ ಗೈಡ್ ಇಡಿ. ಇಡೀ ಬುಡ ಪ್ಲೈವುಡ್ ಪೆಟ್ಟಿಗೆಯೊಳಗೆ ಇರ್ಲಿ, ಚೂರು ಗುಂಡಿನ ಹಾಗೆ ಹಾರುತ್ತೆ.

1 ಮೀ. ಎತ್ತರಕ್ಕೆ 49 ಜೌಲ್, ಬಡಿಯೋ ವೇಗ ಸೆಕೆಂಡಿಗೆ 4.4 ಮೀ. ಚಾರ್ಪಿ ಯಂತ್ರದ (ಲ್ಯಾಬಲ್ಲಿ ತೂಗು ಸುತ್ತಿಗೆಯಿಂದ ತುಂಡು ಮುರಿದು ಎಷ್ಟು ಶಕ್ತಿ ಹೋಯ್ತು ಅಂತ ಅಳೆಯೋದು) ಸುತ್ತಿಗೆ 5 ಮೀ. ಆಸುಪಾಸು, ಹಾಗಾಗಿ ಬಹಳ ದೂರ ಇಲ್ಲ.

ನಡೆಸೋ ಕ್ರಮ: 80 ಸೆಂ.ಮೀ.ನಿಂದ ಶುರು. ಮುರಿದ್ರೆ ಮುಂದಿನ ತುಂಡು 10 ಸೆಂ.ಮೀ. ಕೆಳಗಿಂದ, ಮುರೀದಿದ್ರೆ 10 ಮೇಲಿಂದ. ಬಾಗಿ ಸಂದಿಯಲ್ಲಿ ಜಾರಿಹೋದದ್ದನ್ನು ಮುರಿಯಲಿಲ್ಲ ಅನ್ನೋ ಲೆಕ್ಕಕ್ಕೆ ಹಾಕಿ. ಒಂದು ತುಂಡಿಗೆ ಒಂದೇ ಪೆಟ್ಟು, ಮುರೀದೆ ಉಳಿದದ್ದನ್ನು ಮತ್ತೆ ಇಡಬೇಡಿ. ಪ್ರತಿ ಟೆಂಪರಿಗೆ 8–10 ತುಂಡಾದ್ರೆ ಏರಿಳಿಯೋ ಎತ್ತರಗಳ ಸರಾಸರಿ ನಂಬಬಹುದು. 200, 240, 280 ಮೂರಕ್ಕೂ ಮಾಡಿ. 280ರಲ್ಲಿ ಎತ್ತರ ಇಳಿದ್ರೆ ಲೋಹಗುಣ ಸರ್ ಹೇಳಿದ ಗುಂಡಿ ಅದೇ, ಸ್ಪೆಕ್ಟ್ರೋ ಇಲ್ಲದೆಯೂ ಗೊತ್ತಾಯ್ತು.

ಕುಲುಮೆಕಿಡಿ

ಅಷ್ಟೆಲ್ಲಾ ಕಟ್ಟೋ ಬದಲು ಇಂಜಿನಿಯರಿಂಗ್ ಕಾಲೇಜಿನ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಲ್ಲಿ ಚಾರ್ಪಿ ಇರುತ್ತಲ್ಲ?

ಟೂಲ್‌ರೂಮ್_ಮೈಸೂರು

ಇರುತ್ತೆ, ಬಿಟ್ಟರೆ ಒಳ್ಳೇದೇ. ಸಾಮಾನ್ಯವಾಗಿ 300 ಜೌಲಿನದ್ದು, ಡಯಲ್‌ನಲ್ಲಿ ಒಂದು ಮನೆ 2 ಜೌಲ್. ಅದನ್ನು ಮಾಡಿರೋದು 10 ಮಿ.ಮೀ. ಚೌಕದ ನಾಚ್ ಇರೋ ತುಂಡಿಗೆ. ನಮ್ಮ 2.5 ಮಿ.ಮೀ. ತುಂಡು ಅದರಲ್ಲಿ ಕೆಳಗೆ ಕೂರುತ್ತೆ, ಕೆಳಗಡೆ 3.75 ಮಿ.ಮೀ. ಪಟ್ಟಿ ಕೊಟ್ಟು ಎತ್ತರಿಸಿದ್ರೆ ಮಾತ್ರ ಪೆಟ್ಟು ನಡುವಿಗೆ ಬೀಳುತ್ತೆ. ತುಂಡು ಇಡದೆ ಒಮ್ಮೆ ಬಿಟ್ಟು ಘರ್ಷಣೆಗೆ ಎಷ್ಟು ಹೋಗುತ್ತೆ ಅಂತ ನೋಡಿ ಕಳೀರಿ. ಡಿ2 (ಕ್ರೋಮಿಯಂ ಜಾಸ್ತಿ ಇರೋ ಟೂಲ್ ಸ್ಟೀಲ್) ಥರದ ಉಕ್ಕಾದ್ರೆ ಓದು ಕೆಲವೇ ಮನೆ ಬರುತ್ತೆ, ಆ ಡಯಲ್‌ಗೆ ಅದು ಸಾಲದು. ಸ್ಪ್ರಿಂಗ್ ಉಕ್ಕಿಗೆ ನಡಿಯುತ್ತೆ.

ಹುಬ್ಳಿ_ಐರನ್

ಹಳೇ ಪಟ್ಟಿ ಅಂತೀರಿ, ಅದರೊಳಗ ಮೊದಲ ಬಿರುಕು ಇದ್ರ ಈ ಎಲ್ಲಾ ಲೆಕ್ಕ ನೀರಾಗ ಹೋದಂಗಲ್ರಿ?

ಸಾಣೆಕಲ್ಲು

ಹೌದು, ಲಕ್ಷಾಂತರ ಸಲ ಬಾಗಿ ದಣಿದಿರೋ ಪಟ್ಟಿ ಅದು. ಮಧ್ಯದ ಬೋಲ್ಟ್ ತೂತಿನ ಆಚೀಚೆ 50 ಮಿ.ಮೀ. ಬಿಟ್ಟುಬಿಡಿ, ಪಟ್ಟಿಗಳು ಒಂದಕ್ಕೊಂದು ಉಜ್ಜಿ ಸವೆದ ಗುರುತಿದ್ರೆ ಅದನ್ನೂ. ಉಳಿದದ್ದಕ್ಕೆ ಹಳೇ ಉಪಾಯ: ತುಕ್ಕು ಪೂರ್ತಿ ತೆಗೆದು ಸೀಮೆಎಣ್ಣೆಯಲ್ಲಿ ರಾತ್ರಿ ನೆನೆಸಿ (ಈಗ ಸಿಗೋದು ಕಷ್ಟ, ಡೀಸೆಲ್ ಆದೀತು), ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟಲ್ಲಿ ಕಲಸಿ ತೆಳ್ಳಗೆ ಬಳೀರಿ. ಒಣಗಿದ ಮೇಲೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಬಿರುಕಿದ್ರೆ ಎಣ್ಣೆ ಜಿನುಗಿ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತೆ. ಅಂಗಡಿಯಲ್ಲಿ ಸಿಗೋ ಡಿಪಿ (ಡೈ ಪೆನೆಟ್ರಂಟ್, ಬಿರುಕಿಗೆ ಇಳಿಯೋ ಬಣ್ಣ) ಕಿಟ್ಟಿನ ಕೆಂಪು ಸ್ಪ್ರೇ ಇನ್ನೂ ಸಣ್ಣ ಬಿರುಕನ್ನೂ ತೋರಿಸುತ್ತೆ. ಅದ್ದಿದ ಮೇಲೆ ಇನ್ನೊಮ್ಮೆ ಮಾಡಿ, ಎಣ್ಣೆಯೊಳಗೆ ಟಿಣ್ ಅಂತ ಸದ್ದು ಬಂದಿದ್ರೆ ಮಾಡಲೇಬೇಕು.

ಮಲೆನಾಡ್‌_ಮಚ್ಚು

ಟೆಂಪರ್ ಮಾಡಿದ್ದು ಮನೆ ಓಟಿಜಿಯಲ್ಲಿ (ಅಡಿಗೆಮನೆ ಓವನ್). ಅದರ ಗುಂಡಿ 250ಕ್ಕೇ ನಿಲ್ಲುತ್ತೆ, 280 ಅಂದಿದ್ದು ಬಣ್ಣ ನೋಡಿ, ನೇರಳೆ.

ಲೋಹಗುಣ

ಬಣ್ಣ ಕಾವನ್ನಷ್ಟೇ ಹೇಳಲ್ಲ, ಎಷ್ಟು ಹೊತ್ತು ಇಟ್ಟಿದ್ರಿ ಅನ್ನೋದನ್ನೂ ಸೇರಿಸಿ ಹೇಳುತ್ತೆ. 240ರಲ್ಲಿ ಎರಡು ಗಂಟೆ ಬಿಟ್ರೂ ನೇರಳೆ ಕಡೆಗೆ ಹೋಗುತ್ತೆ, ಕ್ರೋಮಿಯಂ ಇದ್ರೆ ಬಣ್ಣ ತಡವಾಗಿ ಬರುತ್ತೆ. ಓಟಿಜಿಯ ಥರ್ಮೋಸ್ಟ್ಯಾಟ್ 20–25 ಡಿಗ್ರಿ ಆಚೀಚೆ ಓಲಾಡೋದು ಮಾಮೂಲು, ಕಾಯಿಲ್ ಎದುರಿಗಿರೋ ಬಾಯಿ ಇನ್ನೂ ಜಾಸ್ತಿ ಕಾಯುತ್ತೆ. ತಟ್ಟೆಯಲ್ಲಿ ಒಣ ಮರಳು ತುಂಬಿ, ಕತ್ತಿ ಮತ್ತು ಪರೀಕ್ಷೆ ತುಂಡುಗಳನ್ನು ಅದರಲ್ಲಿ ಹುಗಿದು, ಕೆ ಟೈಪ್ ಥರ್ಮೋಕಪಲ್ (ಕಾವು ಅಳೆಯೋ ತಂತಿ) ತುದಿಯನ್ನು ಅಲಗಿಗೆ ತಾಗಿಸಿಡಿ. ಮರಳು ಕಾವಿಗೆ ಬಂದ ಮೇಲೆ ಎರಡು ಗಂಟೆ ಲೆಕ್ಕ. ಅದ್ದಿದ ಮೇಲೆ ಕೈಯಲ್ಲಿ ಹಿಡಿಯೋವಷ್ಟು ಆರಿದ ಕೂಡಲೇ ಒಳಗೆ ಹೋಗಬೇಕು, ಮರುದಿನಕ್ಕೆ ಇಟ್ರೆ ಅಲ್ಲೇ ಬಿರುಕು ಬಿಡೋದುಂಟು.

ನಿಮ್ಮ ಎರಡನೇ ಕತ್ತಿಯ ಟೆಂಪರ್ ಎಷ್ಟು ಅಂತ ಈಗ ಯಾರಿಗೂ ಗೊತ್ತಿಲ್ಲ, ಅದನ್ನು ಹೋಲಿಕೆಯಿಂದ ಬಿಡಿ.

ಟೂಲ್‌ರೂಮ್_ಮೈಸೂರು

ತುಂಡಿನಲ್ಲಿ ಟೆಂಪರ್ ಆರಿಸಿದ ಮೇಲೆ ಮುಗಿದ ಕತ್ತಿಗೆ ಒಂದು ಚಿಕ್ಕ ಪರೀಕ್ಷೆ, ಕತ್ತಿ ಹಾಳಾಗಲ್ಲ. ಬಾಯಿ ಮೇಲಕ್ಕೆ ಮಾಡಿ ವೈಸಲ್ಲಿ ಹಿಡಿದು, 6 ಮಿ.ಮೀ. ಎಂ.ಎಸ್. ಸಲಾಕೆಯನ್ನು ಬಾಯಿಗೆ ಅಡ್ಡ ಇಟ್ಟು, ಅದರ ಮೇಲೆ ಅರ್ಧ ಕೆ.ಜಿ. ತೂಕ 20 ಸೆಂ.ಮೀ.ನಿಂದ ಬಿಡಿ, ಹೆಚ್ಚುಕಮ್ಮಿ 1 ಜೌಲ್. ಹಿಡಿ ಹತ್ರ, ನಡುವೆ, ಮೊನೆ ಹತ್ರ, ಮೂರು ಜಾಗ, ಪ್ರತಿ ಸಲ ಸಲಾಕೆಯ ಹೊಸ ಜಾಗ. ಲೂಪಲ್ಲಿ ತಗ್ಗು ಕಂಡ್ರೆ ಮೆತ್ತಗೆ, ಅಂಚು ಹರಿದ ಅರ್ಧಚಂದ್ರ ಕಂಡ್ರೆ ಪೆಡಸು. ಮೂರು ಜಾಗದಲ್ಲಿ ಮೂರು ಥರ ಬಂದ್ರೆ ಕಾವೇ ಸಮ ಕೂತಿಲ್ಲ, ಮೊನೆ ಹತ್ರ ಮುಕ್ಕಾಗೋದೇ ಹೆಚ್ಚು.

ಮಲೆನಾಡ್‌_ಮಚ್ಚು

ಸರಿ ಸರ್. ಪಟ್ಟಿ 1 ಮೀ. ಉಳಿದಿದೆ, ಬೋಲ್ಟ್ ತೂತಿನ ಕಡೆ ಬಿಟ್ಟು ಮೂವತ್ತು ತುಂಡು ಆಗುತ್ತಾ?

ಟೂಲ್‌ರೂಮ್_ಮೈಸೂರು

ಧಾರಾಳ. 60 ಮಿ.ಮೀ. ಅಗಲದ ಪಟ್ಟಿಯಾದ್ರೆ 55 ಮಿ.ಮೀ. ಉದ್ದದ ಒಂದು ಚೂರಿನಿಂದ ಉದ್ದದ ದಿಕ್ಕಿಗೆ 12 ಮಿ.ಮೀ. ಅಗಲದ ನಾಲ್ಕು ಪಟ್ಟಿ ಬರುತ್ತೆ. ಎಂಟು ಚೂರು ಕೊಯ್ರಿ, ಹೆಚ್ಚುವರಿ ಎರಡು ಟೆಂಪರ್ ಮಾಡದೆ ಒಡೆದು ಕಣ ನೋಡೋಕೆ. ದಪ್ಪವನ್ನು ಹದಕ್ಕೆ ಮುಂಚೆ 3.5 ಮಿ.ಮೀ.ಗೆ ಇಳಿಸಿ. ಆಮೇಲೆ ಪಕ್ಕಕ್ಕೆ ಅರ್ಧರ್ಧ ಮಿ.ಮೀ. ತೆಗೆದ್ರೆ ಸುಟ್ಟ ಚರ್ಮ ಹೋಗಿ 2.5 ಸಿಗುತ್ತೆ. ಕಟ್ಟರ್ ಬಿಸಿಗೆ ನೀಲಿಯಾದ ಅಂಚನ್ನು 12ರಿಂದ 10ಕ್ಕೆ ಇಳಿಸುವಾಗ ತೆಗೀರಿ, ಎಲ್ಲಾ ತುಂಡಿಗೂ ನಂಬರ್ ಪಂಚ್ ತುದಿಯಲ್ಲಿ ಹೊಡೀರಿ, ನಡುವೆ ಬೇಡ.